ಕಂಡಕ್ಟರನ ಕರೆಂಟು

ವೈರ್‌ಮನ್ನನಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಮೂವತ್ತೊಂದು ವರ್ಷ ಬೇರೆಯವರ ಗೋಡೆ ಕೊರೆದು, ಪೈಪು ಹೂತು, ತಂತಿ ಎಳೆದ ಮನುಷ್ಯ. ಕೆಲಸ ಮುಗಿದ ದಿನ ಎಲ್ಲ ಮನೆಯಲ್ಲೂ ಒಂದೇ ನಾಟಕ ನಡೆಯುತ್ತಿತ್ತು. ಮನೆಮಂದಿಯೆಲ್ಲ ಹಜಾರದಲ್ಲಿ ಸೇರುವುದು, ಯಜಮಾನಿ ಮೊದಲ ಸ್ವಿಚ್ಚು ಒತ್ತುವುದು, ಎಲ್ಲರೂ ತಲೆಯೆತ್ತಿ ಬಲ್ಬು ನೋಡಿ ಸಂತೋಷಪಡುವುದು. ಏಣಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತವನ ಕಡೆ ಒಬ್ಬರೂ ತಿರುಗುತ್ತಿರಲಿಲ್ಲ. ಬಲ್ಬಿನ ಮೇಲೆ ಹೊಟ್ಟೆಕಿಚ್ಚು ಪಡುವವರೂ ಇರುತ್ತಾರೆಯೇ ಎಂದು ಕೇಳಬೇಡಿ. ಇವನೊಬ್ಬನಿದ್ದ.

ಮನೆಯಲ್ಲೂ ಅವನ ಗತಿ ಅಷ್ಟೇ. ಹೆಂಡತಿ ಹೊಲಿಗೆಯವಳು. ಪ್ಯಾಂಟಿನ ಅಂಚು ಮಡಚುವುದು, ಜಿಪ್ಪು ಬದಲಿಸುವುದು, ದಪ್ಪಗಾದವರ ಬಟ್ಟೆ ಬಿಚ್ಚಿ ಸಡಿಲ ಮಾಡುವುದು ಅವಳ ಕಸುಬು. ಬಾಡಿಗೆ ಮನೆಯ ಎರಡು ಕೋಣೆಯಲ್ಲಿ ಮೆಷಿನ್ನು, ಇಸ್ತ್ರಿ, ರೇಡಿಯೋ, ದೀಪ ಎಲ್ಲವನ್ನೂ ಒಟ್ಟಿಗೆ ಹಾಕಿಕೊಂಡು ಕೂರುತ್ತಿದ್ದಳು. ಕರೆಂಟು ಎಲ್ಲಿಂದ ಬರುತ್ತದೆಂದು ಕೇಳಿದವಳಲ್ಲ. ಅದು ಬರುತ್ತಿತ್ತು, ಸಂಜೆಗೆ ಗಂಡನೂ ಬರುತ್ತಿದ್ದ, ಎರಡಕ್ಕೂ ಒಂದೇ ಮರ್ಯಾದೆ.

ಆಮೇಲೆ ಅವನ ಮಂಡಿ ಕೈಕೊಟ್ಟಿತು, ಏಣಿ ಹತ್ತುವುದು ಕಷ್ಟವಾಯಿತು. ಅದೇ ವರ್ಷ ಮನೆಯ ಮಾಲೀಕ ಮನೆ ಮಾರಿದ. ಮಗಳು ಮದುವೆಯಾಗಿ ದೂರ ಹೋಗಿದ್ದಳು, ಅವಳ ಮನೆಯಲ್ಲಿ ಅವಳಿಗೇ ಜಾಗವಿರಲಿಲ್ಲ. ಗ್ಯಾರೇಜೊಂದರ ಹಿಂದೆ ಕಿಟಕಿ ಒಡೆದು ಬಿದ್ದಿದ್ದ ಹಳೆಯ ಕ್ಯಾರವಾನನ್ನು, ಅಂದರೆ ಚಕ್ರದ ಮೇಲಿನ ಪುಟ್ಟ ಮನೆಯನ್ನು, ವೈರ್‌ಮನ್ ನೋಡಿ ಬಂದ. ಮುಚ್ಚಿಹೋದ ಮರದ ಡಿಪೋ ಒಂದರ ಯಜಮಾನ, ಗೇಟಿನ ಮೇಲೆ ಕಣ್ಣಿಟ್ಟಿರುವುದಾದರೆ ಹಿಂದಿನ ಬಯಲಲ್ಲಿ ನಿಲ್ಲಿಸಿಕೊಳ್ಳಿ ಎಂದ. ಅಲ್ಲಿ ಲೈನ್ ಕರೆಂಟು ಇಲ್ಲ, ನಲ್ಲಿ ಇಲ್ಲ. ಗೇಟಿನ ಬಳಿ ಕೈಪಂಪು ಒಂದಿತ್ತು.

"ನಾಲ್ಕು ತಿಂಗಳು ಇದ್ದು ನೋಡೋಣ," ಎಂದು ಹೆಂಡತಿ ಬಂದಳು. ಎಂಟು ವರ್ಷವಾಯಿತು.

ಆ ಎಂಟು ವರ್ಷ ವೈರ್‌ಮನ್ನನ ಬಾಳಿನ ಸುಗ್ಗಿ. ಗಾಡಿಯ ತಲೆಯ ಮೇಲೆ ಎರಡು ಸೋಲಾರ್ ಪ್ಯಾನೆಲ್, ಬೆಂಚಿನ ಅಡಿಯಲ್ಲಿ ಎರಡು ಬ್ಯಾಟರಿ, ಬಾಗಿಲ ಪಕ್ಕದಲ್ಲಿ ಒಂದು ಮೀಟರು. ಮೀಟರಿನ ಮುಳ್ಳು ಹನ್ನೆರಡೂವರೆ ವೋಲ್ಟಿನ ಮೇಲಿದ್ದರೆ ಸಮೃದ್ಧಿ, ಹನ್ನೆರಡಕ್ಕೆ ಇಳಿದರೆ ಬರ. ದಿನಾ ನಾಲ್ಕು ಗಂಟೆಗೆ ಕನ್ನಡಕ ಹಾಕಿಕೊಂಡು ಅದರ ಮುಂದೆ ಬಗ್ಗಿ ಅವನು ಆಜ್ಞೆ ಹೊರಡಿಸುತ್ತಿದ್ದ. "ಇವತ್ತು ಒಂದು ದೀಪ. ರೇಡಿಯೋ ಬೇಡ." ಅಥವಾ, ಮನಸ್ಸು ಚೆನ್ನಾಗಿದ್ದರೆ, "ಅರ್ಧ ಗಂಟೆ ಹೊಲ್ಕೋ." ಇಸ್ತ್ರಿಯ ಮಾತಂತೂ ಎತ್ತುವಂತಿರಲಿಲ್ಲ. ಅವಳು ಕಬ್ಬಿಣದ ಹಳೆಯ ಇಸ್ತ್ರಿಯನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿಕೊಳ್ಳುತ್ತಿದ್ದಳು.

"ರೀ, ಮೆಷಿನ್ ಹಾಕಲಾ?" ಎಂದು ಅವಳು ಕೇಳಿದಾಗಲೆಲ್ಲ ಅವನು ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಎದ್ದು ಮೀಟರ್ ನೋಡಿ, ಆಕಾಶ ನೋಡಿ, ಗಲ್ಲ ಕೆರೆದು, ಆಮೇಲೆ "ಹೂಂ, ಹಾಕು" ಎನ್ನುತ್ತಿದ್ದ. ಆ ಗಳಿಗೆಯಲ್ಲಿ ಅವನ ಮುಖ ನೋಡಬೇಕಿತ್ತು. ಸಂಸಾರದಲ್ಲಿ ಮೂವತ್ತು ವರ್ಷ ಸಿಗದ ಕುರ್ಚಿ ಕೊನೆಗೂ ಸಿಕ್ಕಿತ್ತು, ಅದೂ ಏಳಡಿ ಅಗಲದ ಗಾಡಿಯಲ್ಲಿ.

ಒಂಬತ್ತನೆಯ ಚಳಿಗಾಲದ ಆರಂಭದಲ್ಲಿ ಕಂಡಕ್ಟರ್ ಬಂದ. ಬಸ್ಸಿನಿಂದ ನಿವೃತ್ತನಾದವನು, ಹೆಂಡತಿ ತೀರಿಕೊಂಡಿದ್ದಳು, ಡಿಪೋ ಯಜಮಾನನಿಗೆ ಹೇಗೋ ಪರಿಚಯ. ಹೊಚ್ಚಹೊಸ ಕ್ಯಾರವಾನ್, ಮುಂದೆ ಬಿಚ್ಚಿ ಕಟ್ಟುವ ಬಟ್ಟೆಯ ಚಪ್ಪರ. ಸೋಲಾರ್ ಅಂಗಡಿಯವರು ವ್ಯಾನಿನಲ್ಲಿ ಬಂದು ನೆಲದ ಮೇಲೆ ಮರದ ಚೌಕಟ್ಟು ನಿಲ್ಲಿಸಿ ಆರು ಪ್ಯಾನೆಲ್ ಕೂರಿಸಿ ಹೋದರು. ಹನ್ನೆರಡು ಗಜ ದೂರದಲ್ಲಿ ಒಬ್ಬ ವೈರ್‌ಮನ್ ಬದುಕಿರುವಾಗ ಅಂಗಡಿಯವರನ್ನು ಕರೆಸಿದ್ದು ಮೊದಲನೆಯ ತಪ್ಪು. ಆರು ಪ್ಯಾನೆಲ್ ಎರಡನೆಯದು. ಆರು. ಒಬ್ಬ ಮನುಷ್ಯನಿಗೆ. ವೈರ್‌ಮನ್ ಕಿಟಕಿಯ ಪರದೆಯ ಸಂದಿನಿಂದ ಅವನ್ನು ಎಣಿಸಿ, ಮತ್ತೊಮ್ಮೆ ಎಣಿಸಿ, ಪರದೆ ಎಳೆದ.

"ಸೀಟಿ ಊದಿಕೊಂಡಿದ್ದವನಿಗೆ ಅಷ್ಟೊಂದು ಕರೆಂಟು ಯಾಕೆ?" ಎಂದ.

"ಅವರಿಗೆ ಬೇಕೇನೋ," ಎಂದಳು ಹೆಂಡತಿ.

ಕಂಡಕ್ಟರ್ ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು. ಮೊದಲ ವಾರವೇ ಗೇಟಿನಿಂದ ಇವರ ನೀರಿನ ಕ್ಯಾನನ್ನೂ ಹೊತ್ತು ತಂದ. ಹೊಲಿಗೆಯವಳಿಗೆ ಆಗಷ್ಟೇ ದೊಡ್ಡ ಕೆಲಸವೊಂದು ಬಂದಿತ್ತು. ಆಸ್ಪತ್ರೆಯ ಅಡುಗೆಮನೆಯವರಿಗೆ ಅರವತ್ತು ಏಪ್ರನ್. ಚಳಿಗಾಲದ ಅರ್ಧ ಗಂಟೆಯ ಕರೆಂಟಿನಲ್ಲಿ ಅದು ಮುಗಿಯುವ ಮಾತಲ್ಲ. ಅವಳು ಬೆಳಿಗ್ಗೆಯೆಲ್ಲ ಬಾಗಿಲ ಮೆಟ್ಟಿಲ ಮೇಲೆ ಕೂತು ಕೈಯಲ್ಲಿ ಪಟ್ಟಿ ಹೊಲಿಯುವುದನ್ನು ಕಂಡಕ್ಟರ್ ನೋಡಿದ.

"ಅಕ್ಕ, ನನ್ನ ಹತ್ರ ಕರೆಂಟು ಸುಮ್ನೆ ಹಾಳಾಗ್ತಿದೆ. ಹನ್ನೊಂದು ಗಂಟೆಗೇ ಬ್ಯಾಟ್ರಿ ತುಂಬಿ ಕೂತಿರುತ್ತೆ. ಮೆಷಿನ್ ತಂದು ಚಪ್ಪರದಲ್ಲಿ ಹಾಕ್ಕೊಳ್ಳಿ," ಎಂದ.

ಅವಳು ಬಂದು ಗಂಡನಿಗೆ ಹೇಳಿದಳು. ಅವನು "ನಿನ್ನಿಷ್ಟ" ಎಂದ. ಗಂಡನ "ನಿನ್ನಿಷ್ಟ"ಕ್ಕೆ ಅರ್ಥ "ಬೇಡ" ಎಂದು ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ತಿಳಿಯದೇ? ತಿಳಿಯಿತು. ಹೋದಳು.

ಅಲ್ಲಿಗೆ ಶುರುವಾಯಿತು ನೋಡಿ ಅವನ ಸಂಕಟ. ಬೆಳಿಗ್ಗೆ ಒಂಬತ್ತಕ್ಕೆ ಅವಳು ಮೆಷಿನ್ನು ಎತ್ತಿಕೊಂಡು ಹೊರಡುತ್ತಿದ್ದಳು, ಸಂಜೆ ನಾಲ್ಕಕ್ಕೆ ಮಡಚಿದ ಏಪ್ರನ್‌ಗಳ ಗಂಟು ಹೊತ್ತು ಬರುತ್ತಿದ್ದಳು. ಎಲ್ಲಕ್ಕೂ ಗರಿಗರಿ ಇಸ್ತ್ರಿ. ಕಂಡಕ್ಟರನ ಮನೆಯಲ್ಲಿ ವಿದ್ಯುತ್ ಇಸ್ತ್ರಿ ಬೇರೆ. ಬಿಸಿ ಬಟ್ಟೆಯ ವಾಸನೆ ಗಾಡಿಯೊಳಗೆಲ್ಲ ಹರಡಿದಾಗ ವೈರ್‌ಮನ್ ಎದ್ದು ಕಿಟಕಿ ತೆಗೆಯುತ್ತಿದ್ದ.

"ಚಳಿ ಕಣ್ರೀ."

"ಉಸಿರು ಕಟ್ಟುತ್ತೆ."

ಇತ್ತ ಅವನ ಬ್ಯಾಟರಿಗಳು ಬಳಸುವವರಿಲ್ಲದೆ ತುಂಬಿ ತುಳುಕುತ್ತಿದ್ದವು. ನಾಲ್ಕು ಗಂಟೆಗೆ ಮೀಟರ್ ನೋಡಿ "ಇವತ್ತು ಹನ್ನೆರಡೂ ಮುಕ್ಕಾಲು" ಎಂದು ಘೋಷಿಸಿದರೆ ಅವಳು "ಹ್ಞೂಂ" ಎನ್ನುತ್ತಿದ್ದಳು. ಒಂದು ದಿನ ಬಿಗುಮಾನ ಬಿಟ್ಟು ತಾನೇ ಹೇಳಿದ, "ಬೇಕಾದ್ರೆ ಒಂದು ಗಂಟೆ ಇಲ್ಲೇ ಹೊಲಿ."

"ಇಲ್ಲ ಬಿಡಿ, ಅಲ್ಲೇ ಮುಗೀತು," ಎಂದಳು. ತುಂಬಿದ ಬ್ಯಾಟರಿ ನೋಡಿ ಹೊಟ್ಟೆ ಉರಿಸಿಕೊಂಡ ವೈರ್‌ಮನ್ ಇನ್ನೊಬ್ಬನಿರಲಿಕ್ಕಿಲ್ಲ.

ಊಟಕ್ಕೆ ಕೂತರೆ ಕಂಡಕ್ಟರನ ಕತೆಗಳು. ಸೀಟಿನಡಿ ಕೋಳಿ ಬಚ್ಚಿಟ್ಟುಕೊಂಡು ಬಂದವಳು, ನಿದ್ದೆ ಹೋಗಿ ಅದೇ ಬಸ್ಸಿನಲ್ಲಿ ಮೂರು ಸಲ ಊರು ಸುತ್ತಿದವನು. ಹೇಳುತ್ತಾ ಅವಳಿಗೆ ನಗು ಬಂದು ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಅವನೂ ನಗಬೇಕಿತ್ತು. ಬಾಯಲ್ಲಿದ್ದ ತುತ್ತನ್ನು ಅಗಿದೂ ಅಗಿದೂ ನುಂಗುತ್ತಿದ್ದ.

ಅವನಿಗೆ ಹೆಂಡತಿಯ ಮೇಲೆ ಅನುಮಾನವಿತ್ತೆಂದು ಯಾರೂ ತಿಳಿಯಬಾರದು. ಅನುಮಾನವಾಗಿದ್ದರೆ ಒಂದು ದಿನ ಕೂಗಾಡಿ ಮುಗಿಸಬಹುದಿತ್ತು. ಇದು ಬೇರೆ. ಅವಳು ಅವನನ್ನು ಕೇಳುವುದನ್ನು ಬಿಟ್ಟಿದ್ದಳು. ಕೇಳುವವರೇ ಇಲ್ಲದಿದ್ದರೆ ಆ ಗಾಡಿಯಲ್ಲಿ ಅವನು ಯಾರು? ನೀರು ಹೊರುವವನು, ಗ್ಯಾಸ್ ಸಿಲಿಂಡರ್ ಬದಲಿಸುವವನು. ಅವನು ಮತ್ತೆ ಏಣಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಂತಾಯಿತು.

ಸೋಲಾರ್ ಪ್ಯಾನೆಲ್ಲಿನ ಗುಟ್ಟೊಂದು ಅವನಿಗೆ ಗೊತ್ತಿತ್ತು, ಕಂಡಕ್ಟರನಿಗೆ ಗೊತ್ತಿರಲಿಲ್ಲ. ಸಾಲಾಗಿ ಒಂದಕ್ಕೊಂದು ಜೋಡಿಸಿದ ಪ್ಯಾನೆಲ್ಲುಗಳ ಕೆಳಗಿನ ಅಂಚಿನ ಮೇಲೆ ಗೇಣಗಲ ನೆರಳು ಬಿದ್ದರೆ ಸಾಕು, ಇಡೀ ಸಾಲು ಮಲಗಿಬಿಡುತ್ತದೆ. ಚಳಿಗಾಲದ ಸೂರ್ಯನೋ, ಡಿಪೋ ಗೋಡೆಯ ಮೇಲೆ ತಗ್ಗಿನಲ್ಲೇ ಹಾದುಹೋಗುವವನು, ಎಲ್ಲದರ ನೆರಳೂ ಮಾರುದ್ದ. ವೈರ್‌ಮನ್ ಎರಡು ದಿನ ಬಯಲಲ್ಲಿ ಓಡಾಡಿ ನೆರಳು ನೋಡಿದ. ಮೂರನೆಯ ದಿನ ಹೆಂಡತಿಗೆ ಹೇಳಿದ, "ಎಡಗಡೆ ಚಕ್ರ ನೆಲದಲ್ಲಿ ಇಳೀತಿದೆ. ಗಾಡಿನ ನಾಲ್ಕು ಗಜ ಆ ಕಡೆ ಸರಿಸಬೇಕು."

ಜ್ಯಾಕು, ಹಲಗೆ, ಕೈಯಿಂದ ತಿರುಗಿಸಿ ಎಳೆಯುವ ಸರಪಳಿ ಎಲ್ಲ ಹೊರಗೆ ಬಂದವು. ಮಂಡಿನೋವಿನವನು ಒಬ್ಬನೇ ಒದ್ದಾಡುವುದನ್ನು ನೋಡಿ ಕಂಡಕ್ಟರ್ ಅಂಗಿಯ ತೋಳು ಮಡಚಿಕೊಂಡು ಓಡಿ ಬಂದ. ಹಿಂದಿನಿಂದ ಭುಜ ಕೊಟ್ಟು ತಳ್ಳಿದ. ಹಳೆಯ ಚಾಳಿ, ಜೇಬಿನಿಂದ ಸೀಟಿ ತೆಗೆದು ಊದಿದ. "ರೈಟ್, ರೈಟ್, ಇನ್ನೂ ಸ್ವಲ್ಪ ಹೋಗ್ಲಿ, ಹಾಂ, ನಿಲ್ಸಿ." ತನ್ನ ಬಿಸಿಲಿಗೆ ತಾನೇ ಅಡ್ಡ ನಿಲ್ಲಿಸಿಕೊಂಡು, ಬೆವರು ಒರೆಸಿಕೊಂಡು, ಚಹಾ ಬೇರೆ ಮಾಡಿ ತಂದ. ವೈರ್‌ಮನ್ ಆ ಚಹಾ ಕುಡಿದ. ಚೆನ್ನಾಗಿತ್ತು ಎಂಬುದೂ ಅವನಿಗೆ ಸಿಟ್ಟು ತಂದಿತು.

ಮೂರೇ ದಿನಕ್ಕೆ ಕಂಡಕ್ಟರನ ಮನೆಯಲ್ಲಿ ಬರ ಬಂತು. ಮೊದಲು ಇಸ್ತ್ರಿ ನಿಂತಿತು, ಆಮೇಲೆ ಮೆಷಿನ್ನು ಮಧ್ಯಾಹ್ನದ ಹೊತ್ತಿಗೆ ಗೊರಗೊರ ಎಂದು ಸುಸ್ತಾಗತೊಡಗಿತು. ಕಂಡಕ್ಟರ್ ಟೋಪಿ ಕೈಯಲ್ಲಿ ಹಿಡಿದು ಇವರ ಬಾಗಿಲಿಗೆ ಬಂದ. "ವೈರ್‌ಮನ್ನೋರೇ, ನಂಗೇನೂ ತಿಳಿಯಲ್ಲ. ಒಂದು ಸಲ ಬಂದು ನೋಡ್ತೀರಾ?"

ಕೊನೆಗೂ ಕೇಳಿದ. ವೈರ್‌ಮನ್ ಟೆಸ್ಟರು, ಕೈಮೀಟರು ಎರಡನ್ನೂ ತೆಗೆದುಕೊಂಡು ಗಂಭೀರವಾಗಿ ನಡೆದ. ಚಪ್ಪರದಲ್ಲಿ ಹೆಂಡತಿ ಅರ್ಧ ಹೊಲಿದ ಏಪ್ರನ್ ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಬ್ಯಾಟರಿಗೆ ಮೀಟರ್ ಹಚ್ಚಿದ. ಬ್ಯಾಟರಿ ಗುಂಡುಕಲ್ಲಿನಂತಿತ್ತು, ತಿನ್ನಲು ಕೂಳಿಲ್ಲದೆ ಹಸಿದಿತ್ತು ಅಷ್ಟೆ. ತಿಂಗಳೊಪ್ಪತ್ತಿನಿಂದ ಹೊಟ್ಟೆಯಲ್ಲಿ ಕುದಿಯುತ್ತಿದ್ದದ್ದು ಬಾಯಿಗೆ ಬಂತು.

"ಬ್ಯಾಟ್ರಿ ಹೋಗಿದೆ," ಎಂದ. "ಅಂಗಡಿಯವರು ಟೋಪಿ ಹಾಕಿದಾರೆ ನಿಮಗೆ."

"ಹೊಸದು ಅಂದ್ರಲ್ಲ?"

"ಹೊಸದೂ ಹೋಗುತ್ತೆ."

ಕಸುಬು ಹಿಡಿದಂದಿನಿಂದ ಗಿರಾಕಿಗೆ ಅವನು ಸುಳ್ಳು ಹೇಳಿದ್ದು ಅದೇ ಮೊದಲು. ಆ ದಿನ ಊಟ ರುಚಿಸಲಿಲ್ಲ ಎಂದು ಬರೆದರೆ ನೋಡಲು ಚೆಂದ, ಆದರೆ ರುಚಿಸಿತು. ಅದಕ್ಕೆ ಕಾರಣವೂ ಇತ್ತು. ಸಂಜೆ ಹೆಂಡತಿ ಮೆಷಿನ್ನನ್ನು ತನ್ನ ಗಾಡಿಯ ಮೇಜಿನ ಮೇಲೆ ತಂದಿಟ್ಟು, "ರೀ, ಹಾಕಲಾ?" ಎಂದಿದ್ದಳು. ಅವನು ಎದ್ದು, ಮೀಟರ್ ನೋಡಿ, ಗಲ್ಲ ಕೆರೆದು, ಹನ್ನೆರಡೂ ಮುಕ್ಕಾಲಿದ್ದರೂ "ಅರ್ಧ ಗಂಟೆ" ಎಂದಿದ್ದ.

ಉಳಿದದ್ದನ್ನು ಅವಳು ಕೈಯಲ್ಲಿ ಹೊಲಿದಳು. ಬೆರಳ ತುದಿಗೆ ಪಟ್ಟಿ ಸುತ್ತಿಕೊಂಡಳು. ಅವನು ಅದನ್ನು ನೋಡಿಯೂ ನೋಡದವನಂತೆ ರೇಡಿಯೋದ ಧೂಳು ಒರೆಸಿದ.

ವಾರದೊಳಗೆ ಕಂಡಕ್ಟರ್ ಹೊರಡುವ ಸುದ್ದಿ ಹೇಳಿದ. ಪೇಟೆಯಲ್ಲಿ ತಂಗಿಯ ಮನೆಯಿದೆ, ಅವರ ಅಂಗಳದಲ್ಲೇ ಗಾಡಿ ನಿಲ್ಲಿಸಿಕೊಳ್ಳುತ್ತಾನಂತೆ, ತಂಗಿಯ ಗಂಡ ಶುಕ್ರವಾರ ಲಾರಿ ತರುತ್ತಾನಂತೆ. "ಬ್ಯಾಟ್ರಿ ಇಲ್ದೆ ಇಲ್ಲಿ ಚಳಿಗಾಲ ಕಳೆಯೋಕಾಗಲ್ಲ ಅಕ್ಕ," ಎಂದ. ವೈರ್‌ಮನ್ ತಲೆಯಾಡಿಸಿ ಮರುಕ ತೋರಿಸಿದ. ಒಳಗೊಳಗೇ ಶುಕ್ರವಾರಕ್ಕೆ ಎಷ್ಟು ದಿನವೆಂದು ಲೆಕ್ಕ ಹಾಕಿದ.

ಬುಧವಾರ ರಾತ್ರಿಯ ಇಬ್ಬನಿ ಗಟ್ಟಿ ಹೆಪ್ಪುಗಟ್ಟಿ ಗುರುವಾರ ಬೆಳಿಗ್ಗೆ ಬಯಲೆಲ್ಲ ಸುಣ್ಣ ಬಳಿದ ಹಾಗಿತ್ತು. ಬಿಸಿಲೇರಿದಂತೆ ಕರಗಿ ಹುಲ್ಲು ಹಸಿರಾಯಿತು. ಮಧ್ಯಾಹ್ನ ಹೆಂಡತಿ, ಕಂಡಕ್ಟರನ ಚಪ್ಪರದಲ್ಲಿ ಬಿಟ್ಟಿದ್ದ ದಾರದ ಡಬ್ಬಿ ತರಲು ಹೋದಳು. ಹೋದವಳು ಬಯಲ ಮಧ್ಯೆ ನಿಂತುಬಿಟ್ಟಳು. ಊಟಕ್ಕೆ ಕೂತಿದ್ದ ವೈರ್‌ಮನ್ ಕಿಟಕಿಯಿಂದ ನೋಡಿದ. ಅವಳು ಕೊರಳಿಂದ ಅಳತೆಯ ಟೇಪು ತೆಗೆದು ನೆಲದ ಮೇಲೆ ಹಿಡಿದು, ಬಗ್ಗಿ ಬಗ್ಗಿ ಏನನ್ನೋ ಅಳೆಯುತ್ತಿದ್ದಳು. ಆಮೇಲೆ ಬಂದು ಗಾಡಿಯ ಹೊರಗೋಡೆಗೆ ಟೇಪು ಹಚ್ಚಿದಳು. ಅದು ತಗಡಿನ ಮೇಲೆ ಸರಿದ ಸದ್ದು ಅವನಿಗೆ ಒಳಗೆ ಕೇಳಿಸಿತು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ.

"ರೀ, ಸ್ವಲ್ಪ ಹೊರಗೆ ಬನ್ನಿ."

ಅವನು ಕೈ ತೊಳೆದು ಹೋದ. ಬಯಲಲ್ಲೆಲ್ಲ ಕರಗಿದ ಇಬ್ಬನಿ ಒಂದು ಕಡೆ ಮಾತ್ರ ಬೆಳ್ಳಗೆ ಉಳಿದಿತ್ತು. ಅವರ ಗಾಡಿಯ ಬುಡದಿಂದ ಹೊರಟು, ಗಾಡಿಯಷ್ಟೇ ಅಗಲಕ್ಕೆ, ಕಂಡಕ್ಟರನ ಪ್ಯಾನೆಲ್‌ಗಳ ಕೆಳಸಾಲಿನವರೆಗೆ. ಪ್ಯಾನೆಲ್‌ಗಳ ಅಂಚಿನ ಮೇಲೂ ಒಂದು ಗೇಣು ಬಿಳಿ ಕೂತಿತ್ತು.

"ಇದು ನಮ್ಮ ಗಾಡಿ ನೆರಳು," ಎಂದಳು.

"ನೆರಳು ಎಲ್ಲಾದರೂ ಬೀಳಲೇಬೇಕಲ್ಲ."

"ಆ ಚಪ್ಪರದಲ್ಲಿ ಕೂತ್ರೆ ಮಧ್ಯಾಹ್ನ ಕಾಲಿನ ಮೇಲೆ ಬಿಸಿಲು ಬೀಳ್ತಿತ್ತು. ನೀವು ಗಾಡಿ ಸರಿಸಿದ ದಿನದಿಂದ ಕಾಲು ಮರಗಟ್ತಿತ್ತು. ಚಳಿ ಜಾಸ್ತಿಯಾಗಿದೆ ಅಂದ್ಕೊಂಡೆ." ಅವಳು ಟೇಪು ಸುತ್ತಿಕೊಂಡಳು. "ಬ್ಯಾಟ್ರಿ ಹೋಗಿದೆ ಅಂದ್ರಿ. ಗೊತ್ತಿಲ್ಲದೆ ಅಂದ್ರೋ, ಗೊತ್ತಿದ್ದೂ ಅಂದ್ರೋ?"

ಗೊತ್ತಿಲ್ಲದೆ ಎಂದಿದ್ದರೆ ಬಚಾವಾಗುತ್ತಿದ್ದ. ವಯಸ್ಸಾಯಿತು, ಹೊಸ ಬ್ಯಾಟರಿಗಳ ಮರ್ಮ ತಿಳಿಯಲಿಲ್ಲ ಎಂದರೆ ಅವಳು ನಂಬುತ್ತಿದ್ದಳೋ ಏನೋ. ಆದರೆ ಒಂದು ಬ್ಯಾಟರಿ ಸತ್ತಿದೆಯೋ ಬದುಕಿದೆಯೋ ತನಗೆ ತಿಳಿಯಲಿಲ್ಲವೆಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಅವನಿಂದ ಸಾಧ್ಯವಿರಲಿಲ್ಲ.

"ಗೊತ್ತಿತ್ತು," ಎಂದ.

"ಯಾಕೆ? ಅವರ ಜೊತೆ ನಂದೇನಿದೆ ಅಂದ್ಕೊಂಡ್ರಿ?"

"ಛೆ, ಅದಲ್ಲ."

"ಮತ್ತೆ?"

"ನೀನು ನನ್ನ ಕೇಳೋದೇ ಬಿಟ್ಟುಬಿಟ್ಟೆ."

ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಅವಳು ಬೆರಳಿನ ಪಟ್ಟಿ ಬಿಚ್ಚಿ ಮತ್ತೆ ಸುತ್ತಿಕೊಂಡಳು.

"ಎಂಟು ವರ್ಷ ಕೇಳಿದೀನಿ. ದೀಪಕ್ಕೆ ಕೇಳಿದೀನಿ, ರೇಡಿಯೋಗೆ ಕೇಳಿದೀನಿ, ನನ್ನದೇ ಮೆಷಿನ್ನಿಗೆ ಕೇಳಿದೀನಿ. ತುಂಬಿದ ದಿನಾನೂ ನೀವು ಅರ್ಧ ಗಂಟೆ ಅಂತಿದ್ರಿ. ನಂಗೆ ಮೀಟರ್ ಓದೋಕೆ ಬರಲ್ಲ ಅಂದ್ಕೊಂಡಿದ್ರಾ? ದಿನವಿಡೀ ಟೇಪಿನ ಮೇಲೆ ಅಂಕಿ ಓದೋಳು ನಾನು. ನೀವು ಸುಳ್ಳು ಹೇಳ್ತೀರ ಅಂತ ಗೊತ್ತಿದ್ದೂ ಕೇಳ್ತಿದ್ದೆ, ಹೋಗ್ಲಿ, ನಿಮಗೆ ಇದೊಂದಾದ್ರೂ ಇರ್ಲಿ ಅಂತ. ಅಲ್ಲಿಗೆ ಹೋಗಿದ್ದು ಕರೆಂಟಿಗಲ್ಲ. ಯಾರನ್ನೂ ಕೇಳದೆ ಹೊಲೀಬಹುದಲ್ಲ, ಅದಕ್ಕೆ."

ವೈರ್‌ಮನ್ ನೆಲ ನೋಡಿದ.  ಎಂಟು ವರ್ಷ ತಾನು ದಾನ ಕೊಡುತ್ತಿದ್ದೇನೆಂದುಕೊಂಡಿದ್ದ, ದಾನ ಕೊಡುತ್ತಿದ್ದವಳು ಅವಳು.

"ಹೋಗಿ ಅವರಿಗೆ ಹೇಳಿ," ಎಂದಳು. "ನಾನು ಹೇಳಲ್ಲ."

ಕಂಡಕ್ಟರ್ ಚಪ್ಪರದ ಹಗ್ಗ ಬಿಚ್ಚುತ್ತಿದ್ದ. ವೈರ್‌ಮನ್ ಹನ್ನೆರಡು ಗಜ ನಡೆದ, ಮೂವತ್ತೊಂದು ವರ್ಷದಲ್ಲಿ ಹತ್ತಿದ ಎಲ್ಲ ಏಣಿಗಿಂತ ಅದೇ ಕಷ್ಟವಾಯಿತು. "ಕಂಡಕ್ಟ್ರೇ, ನಿಮ್ಮ ಬ್ಯಾಟ್ರಿ ಚೆನ್ನಾಗಿದೆ. ನಾನೇ ಬೇಕಂತ ಗಾಡಿ ಅಡ್ಡ ನಿಲ್ಸಿದ್ದು," ಎಂದು ಒಂದೇ ಉಸಿರಿಗೆ ಹೇಳಿದ.

ಕಂಡಕ್ಟರ್ ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತು," ಎಂದ.

"ಹೇಗೆ?"

"ಬಸ್ಸಲ್ಲಿ ಎಪ್ಪತ್ತು ಜನ ಇರ್ತಾರೆ. ಟಿಕೆಟ್ ತಗೊಳ್ದೆ ನಿಂತವನು ಮಾತ್ರ ಕಂಡಕ್ಟರ್ ಮುಖ ನೋಡಲ್ಲ, ಕಿಟಕಿ ಆಚೆ ನೋಡ್ತಾನೆ. ಆವತ್ತು ಬ್ಯಾಟ್ರಿ ಹೋಗಿದೆ ಅನ್ನೋವಾಗ ನೀವು ಡಿಪೋ ಗೋಡೆ ನೋಡ್ತಿದ್ರಿ. ಏನು ಮಾಡಿದೀರ ಅಂತ ತಿಳೀಲಿಲ್ಲ. ಏನೋ ಮಾಡಿದೀರ ಅಂತ ತಿಳೀತು."

"ಮತ್ತೆ ಜಗಳ ಆಡಬಾರ್ದಿತ್ತಾ?"

"ಇಷ್ಟು ಹತ್ತಿರ ಇದ್ಕೊಂಡು ಜಗಳ ಆಡಿದ್ರೆ ಇಬ್ಬರೂ ಇರೋಕಾಗಲ್ಲ ಅಣ್ಣ. ಕೊನೆಗೆ ಹತ್ತಿದವನು ನಾನು, ನಾನೇ ಇಳೀತೀನಿ."

"ಇವತ್ತೇ ಗಾಡಿ ಸರಿಸ್ತೀನಿ. ಇರಿ."

"ಬೇಡ ಬಿಡಿ. ತಂಗಿಗೆ ಹೇಳಿ ಆಗಿದೆ, ಕಾಯ್ತಿದಾಳೆ." ಹಗ್ಗದ ತುದಿಗೆ ಗಂಟು ಹಾಕಿ ಕೇಳಿದ, "ಅಕ್ಕನಿಗೆ ಗೊತ್ತಾ?"

"ಅವಳೇ ಹಿಡಿದಿದ್ದು."

ಕಂಡಕ್ಟರ್ ಮೊದಲ ಸಲ ನಕ್ಕ. "ಹಾಗಾದ್ರೆ ನಿಮಗೆ ನನ್ನಿಂದ ಬೇರೆ ಶಿಕ್ಷೆ ಬೇಕಾಗಿಲ್ಲ," ಎಂದ.

ಶುಕ್ರವಾರ ಲಾರಿ ಬಂತು. ಬಿಚ್ಚುವಾಗ ಹರಿದಿದ್ದ ಚಪ್ಪರದ ಮೂಲೆಯನ್ನು ಹೊಲಿಗೆಯವಳು ಮೆಟ್ಟಿಲ ಮೇಲೆ ಕೂತು ಕೈಯಲ್ಲಿ ಹೊಲಿದುಕೊಟ್ಟಳು, ದಪ್ಪ ದಾರದಲ್ಲಿ ಎರಡೆರಡು ಸಲ. ವೈರ್‌ಮನ್ ಆರು ಪ್ಯಾನೆಲ್‌ಗಳನ್ನು ತಾನೇ ಬಿಚ್ಚಿ, ತಂತಿಗಳ ತುದಿಗೆ ಟೇಪು ಸುತ್ತಿ, ಕಂಬಳಿ ಮಧ್ಯೆ ಇಟ್ಟು ಲಾರಿಗೇರಿಸಿದ. ಕಂಡಕ್ಟರ್ ಅವನ ಕೈ ಕುಲುಕಿದ, ಅವಳಿಗೆ "ಬರ್ತೀನಿ ಅಕ್ಕ" ಎಂದ. ಲಾರಿ ಗೇಟು ದಾಟಿತು.

ಅವಳು ಗೇಟು ಹಾಕಿ ಬಂದು ಅವನ ಪಕ್ಕದಲ್ಲಿ ನಿಂತಳು.

"ಅವರು ಹೋಗಿದ್ದು ನಿಮಗೆ ಸಮಾಧಾನ ಆಯ್ತಾ?"

ಇಲ್ಲ ಎನ್ನಬೇಕಿತ್ತು. ಬೇಜಾರಾಯಿತು, ತಪ್ಪು ಮಾಡಿದೆ, ಹಾಗೆ ಮಾಡಬಾರದಿತ್ತು, ಹೇಳಬೇಕಾದ ಮಾತುಗಳೆಲ್ಲ ನಾಲಗೆ ತುದಿಯಲ್ಲೇ ಸಾಲಾಗಿ ನಿಂತಿದ್ದವು. ಅವೆಲ್ಲ ನಿಜವೂ ಆಗಿದ್ದವು.

"ಆಯ್ತು," ಎಂದ.

ಅವಳು ಅವನ ಮುಖವನ್ನು ಚೆನ್ನಾಗಿ ನೋಡಿದಳು. ಬೈಯಲಿಲ್ಲ. "ಸರಿ," ಎಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಮೆಷಿನ್ನು ಸದ್ದು ಮಾಡತೊಡಗಿತು.

ಅವನು ಮೆಟ್ಟಿಲ ಮೇಲೆ ಕೂತ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಸೂರ್ಯ ಡಿಪೋ ಗೋಡೆಯ ಹಿಂದೆ ಇಳಿದ. ಅವಳು ದೀಪವನ್ನೂ ಹಾಕಿದಳು, ಆಮೇಲೆ ರೇಡಿಯೋವನ್ನೂ. ಹನ್ನೆರಡೂವರೆ, ಹನ್ನೆರಡೂ ಕಾಲು, ಹನ್ನೆರಡು. ಬಾಗಿಲು ಮುಚ್ಚಿದ್ದರೂ ಮುಳ್ಳು ಇಳಿಯುವುದು ಅವನ ಕಣ್ಣಿಗೆ ಕಟ್ಟುತ್ತಿತ್ತು. ಏಳಬೇಕೆಂದು ಎರಡು ಸಲ ಕೈ ಊರಿ ಮತ್ತೆ ಕೂತ. ರೇಡಿಯೋ ನಿಂತಿತು, ಕಿಟಕಿಯ ಬೆಳಕು ಕೆಂಪಗಾಗಿ ಆರಿತು, ಮೆಷಿನ್ನು ಗೊರಗೊರ ಎಂದು ಸುಮ್ಮನಾಯಿತು.

ಈಗ ಕರೆಯುತ್ತಾಳೆ ಎಂದು ಅವನು ಕಿವಿಗೊಟ್ಟು ಕೂತ. ಒಳಗೆ ಕಡ್ಡಿ ಗೀರಿದ ಸದ್ದಾಯಿತು, ಮೋಂಬತ್ತಿಯ ಬೆಳಕು ಕಂಡಿತು. ಆಮೇಲೆ ಮೆಷಿನ್ನಿನ ಚಕ್ರವನ್ನು ಅವಳು ಕೈಯಿಂದಲೇ ತಿರುಗಿಸುವುದು ಕೇಳಿಸಿತು, ನಿಧಾನವಾಗಿ, ಒಂದೊಂದೇ ಹೊಲಿಗೆ. ಹೊಟ್ಟೆಕಿಚ್ಚು ಪಡೋಣವೆಂದರೆ ಬಯಲಲ್ಲಿ ಇನ್ನು ಯಾರೂ ಇರಲಿಲ್ಲ.